ಒಂದೇ ಮನೆಯಲ್ಲಿ ಮೂರು ಒಕ್ಕಲು

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಸಪ್ತಧಾತುಗಳನ್ನು ನಮ್ಮ ಹಿರಿಯರು ಎಣಿಸಿದರು. ಈ ಸಾಲಿನಲ್ಲಿ ರಕ್ತಕ್ಕೆ ಎರಡನೆಯ ಸ್ಥಾನ, ಮಜ್ಜೆಗೆ ಆರನೆಯದು. ಆದರೆ ರಕ್ತಕಣಗಳ ತವರುಮನೆಯೇ ಮಜ್ಜೆ ಎಂಬುದು 1868ರಲ್ಲಿ ಹೊರಬಿದ್ದಿತು. ಕೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್, ಇಟಲಿಯ ಜೂಲಿಯೊ ಬಿಟ್ಸೊಜೆರೊ ಇಬ್ಬರೂ ಬೇರೆ ಬೇರೆಯಾಗಿ ಅದನ್ನು ಕಂಡುಕೊಂಡರು.

ಮೂಳೆಯೆಂದರೆ ಒಣಗಿದ ಕಟ್ಟಿಗೆಯಲ್ಲ. ಅದರ ಪೊಳ್ಳಿನಲ್ಲಿ ಮೂರು ಒಕ್ಕಲು ವಾಸವಾಗಿವೆ: ರಕ್ತವನ್ನು ಹಡೆಯುವ ಕೋಶಗಳು, ಮೂಳೆಯನ್ನು ಕಟ್ಟುವ ಕೋಶಗಳು, ಕೊಬ್ಬಿನ ಕೋಶಗಳು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಸತ್ತವುಗಳ ಸ್ಥಾನವನ್ನು ತುಂಬಲು ಮಜ್ಜೆಯು ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಮಾಡಬೇಕು. ಹಗಲಿರುಳೂ ಆರದ ಒಲೆ ಇದು!

ಹುಟ್ಟಿದ ಮಗುವಿನ ಮಜ್ಜೆಯೆಲ್ಲ ಬಹುಪಾಲು ಕೆಂಪು. ಬೆಳೆದಂತೆ ಕೈಕಾಲುಗಳ ತುದಿಯಿಂದ ಮೊದಲಾಗಿ ಅದು ಹಳದಿಯಾಗುತ್ತದೆ, ಎಂದರೆ ಕೊಬ್ಬು ತುಂಬುತ್ತದೆ. 25ರ ಸುಮಾರಿಗೆ ಕೆಂಪು ಮಜ್ಜೆ ಬೆನ್ನುಮೂಳೆ, ಸೊಂಟ, ಪಕ್ಕೆಲುಬು, ಎದೆಮೂಳೆ, ತಲೆಬುರುಡೆಗಳಲ್ಲಿ, ತೊಡೆ ಮತ್ತು ತೋಳಿನ ಮೂಳೆಗಳ ಮೇಲುತುದಿಯಲ್ಲಿ ಉಳಿಯುತ್ತದೆ. ಈ ಕೆಂಪು ಮಜ್ಜೆಯಲ್ಲಿಯೂ ಸುಮಾರು ನೂರಕ್ಕೆ 40 ಪಾಲು ಕೊಬ್ಬೇ. ಹಳದಿಯಲ್ಲಿ 80 ಪಾಲು. ಆದುದರಿಂದ ಮಜ್ಜೆಯಲ್ಲಿ ಕೊಬ್ಬಿದೆಯೆಂದು ಯಾರೂ ಗಾಬರಿಪಡಬೇಕಾಗಿಲ್ಲ. ರಕ್ತದ ಕೊರತೆ ಬಹುಕಾಲ ಕಾಡಿದರೆ ಹಳದಿ ಮಜ್ಜೆ ಮರಳಿ ಕೆಂಪಾಗುವುದೂ ಉಂಟು.

ತೊಂದರೆಯಿರುವುದು ಪಾಲು ತಪ್ಪಿದಾಗ. ಮೂಳೆ ಕಟ್ಟುವ ಕೋಶಕ್ಕೂ ಕೊಬ್ಬಿನ ಕೋಶಕ್ಕೂ ಮಜ್ಜೆಯಲ್ಲಿ ಮೂಲಕೋಶ ಒಂದೇ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಗಾರೆಯವನಾದಂತೆ, ಇನ್ನೊಬ್ಬ ಕಣಜದವನಾದಂತೆ. ಮುಪ್ಪು, ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲ, ಬಹುದಿನ ಹಾಸಿಗೆ ಹಿಡಿಯುವುದು, ದೀರ್ಘಕಾಲದ ಸ್ಟೀರಾಯ್ಡ್ ಔಷಧ ಇವೆಲ್ಲ ಕಣಜದವರನ್ನು ಹೆಚ್ಚಿಸಿ ಗಾರೆಯವರನ್ನು ಕಡಿಮೆ ಮಾಡುತ್ತವೆ. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ರೋಗದಲ್ಲಿ ಮಜ್ಜೆಯ ಸ್ಥಳವನ್ನು ಕೊಬ್ಬು ಆಕ್ರಮಿಸುವುದನ್ನು ಫ್ರಾನ್ಸಿನ ಮ್ಯುನಿಯೆ ಮತ್ತು ಸಂಗಡಿಗರು 1971ರಲ್ಲಿಯೇ ಅಳೆದು ತೋರಿಸಿದರು.

ಹೊಟ್ಟೆಯ ಬೊಜ್ಜಿಗೂ ಈ ಕೊಬ್ಬಿಗೂ ಸ್ವಭಾವ ಬೇರೆ. ಊಟ ಬಿಟ್ಟು ಮೈ ಒಣಗಿಸಿಕೊಂಡವರಲ್ಲಿ ಹೊರಗಿನ ಕೊಬ್ಬು ಕರಗಿದರೂ ಮಜ್ಜೆಯ ಕೊಬ್ಬು ಹೆಚ್ಚುತ್ತದೆ, ಮೂಳೆ ತೆಳುವಾಗುತ್ತದೆ! ತೆಳ್ಳಗಾಗಬೇಕೆಂದು ಅರೆಹೊಟ್ಟೆಯಲ್ಲಿರುವ ನಮ್ಮ ಹುಡುಗಿಯರು ಇದನ್ನು ಮನಸ್ಸಿನಲ್ಲಿಡಬೇಕು. ಅವರ ಮುಟ್ಟು ನಿಂತರೆ ತಾಯಂದಿರು ವೈದ್ಯರಲ್ಲಿಗೆ ಕರೆದೊಯ್ಯಲೇಬೇಕು.

ರಕ್ತದ ಮೇಲೆ ಈ ಕೊಬ್ಬಿನ ಪರಿಣಾಮವೇನು? ಕೊಬ್ಬು ತುಂಬಿದ ಮಜ್ಜೆಯಲ್ಲಿ ರಕ್ತದ ಉತ್ಪತ್ತಿ ಕುಂದುತ್ತದೆಂದು 2009ರಲ್ಲಿ ಇಲಿಗಳ ಪರೀಕ್ಷೆಯಿಂದ ತಿಳಿಯಿತು. 2017ರಲ್ಲಿ ಮತ್ತೊಂದು ಪರೀಕ್ಷೆಯು, ಮಜ್ಜೆ ಪೆಟ್ಟು ತಿಂದಾಗ ಉದ್ದ ಮೂಳೆಗಳಲ್ಲಿ ಇದೇ ಕೊಬ್ಬಿನ ಕೋಶಗಳು ರಕ್ತಕೋಶಗಳ ಚೇತರಿಕೆಗೆ ನೆರವಾಗುವುದನ್ನು ತೋರಿಸಿತು. ಹೀಗೆ ಈ ಒಕ್ಕಲು ಶತ್ರುವೂ ಅಲ್ಲ, ಬರಿಯ ಅತಿಥಿಯೂ ಅಲ್ಲ.

ಒಲೆಯಿದ್ದರೆ ಸಾಲದು, ಸಾಮಾನೂ ಬೇಕು. 1928ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ವಸ್ತುವನ್ನು ಇಂದು ಫೋಲಿಕ್ ಆಮ್ಲದ ಬಳಗವೆಂದು ಬಲ್ಲೆವು. ಕಬ್ಬಿಣ, ಬಿ12 ಇವೂ ಮಜ್ಜೆಗೆ ಬೇಕು. ಕಟ್ಟಾ ಶಾಕಾಹಾರಿಗಳಲ್ಲಿ ಬಿ12ರ ಕೊರತೆ ಅಪರೂಪವಲ್ಲ.

ಊರಿನಲ್ಲಿ ಅಂಗಳ, ಹಿತ್ತಿಲು, ದೇವಸ್ಥಾನವೆಂದು ಓಡಾಡುತ್ತಿದ್ದ ಅತ್ತೆಯವರು ಇಲ್ಲಿ ನಾಲ್ಕನೆಯ ಮಹಡಿಯಲ್ಲಿ ಬಿಸಿಲು ಕಾಣದೆ ಕುಳಿತಿರುತ್ತಾರೆ. ಆಯಾಸವೆಂದರೆ “ವಯಸ್ಸಾಯಿತಲ್ಲ” ಎನ್ನುತ್ತೇವೆ. ಮುಪ್ಪು ರಕ್ತಹೀನತೆಗೆ ವಿವರಣೆಯಲ್ಲ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕೆಳಗಿದ್ದರೆ ಕಾರಣವನ್ನು ಹುಡುಕಿಸಬೇಕು. ನಿಂತಲ್ಲಿಂದ ಜಾರಿ ಬಿದ್ದ ಮಾತ್ರಕ್ಕೆ ಮೂಳೆ ಮುರಿದರೆ, ಪಟ್ಟಿ ಕಟ್ಟಿಸಿದೊಡನೆ ಕೆಲಸ ಮುಗಿಯಲಿಲ್ಲ. ಮೂಳೆಯ ಸಾಂದ್ರತೆಯನ್ನೂ ಪರೀಕ್ಷಿಸಬೇಕು. ಸ್ಟೀರಾಯ್ಡ್ ಸೇವಿಸುವವರು ಅದನ್ನು ತಾವಾಗಿ ಥಟ್ಟನೆ ನಿಲ್ಲಿಸಬಾರದು. ಮೂಳೆಯ ರಕ್ಷಣೆಗೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಬೇಕು.

ಉಳಿದುದು ನಮ್ಮ ಕೈಯಲ್ಲಿದೆ. ದಿನವೂ ನಡಿಗೆ, ಮೆಟ್ಟಿಲು, ಸ್ವಲ್ಪ ಬಿಸಿಲು, ಹಾಲು ಮೊಸರು, ಸೊಪ್ಪು, ಕಾಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಊರಿಂದ ಬರುವವರ ಕೈಯಲ್ಲಿ ಚಕ್ಕುಲಿಯ ಡಬ್ಬಿಯ ಜೊತೆಗೆ ಎರಡು ಸೇರು ರಾಗಿಹಿಟ್ಟನ್ನೂ ತರಿಸಿಕೊಳ್ಳಿರಿ. ಸಂಜೆ ಅತ್ತೆಯವರನ್ನು ಕೈಹಿಡಿದು ಕೆಳಗಿಳಿಸಿ, ನಾಲ್ಕು ಹೆಜ್ಜೆ ಜೊತೆಯಲ್ಲಿ ನಡೆಯಿರಿ.