ಗಾಡಿ ಹಳೇದಿದ್ರೂ ನಡೀತೈತಿ, ಕಾಗದ ಹಳೇ ಮಾಲೀಕನ ಹೆಸರಿಲೆ ಇದ್ರ ನಡ್ಯಾಂಗಿಲ್ಲ



ಕಬ್ಬು ಹೋತು, ಬಿಲ್ಲು ಬಂತು, ಮನ್ಯಾಗ ಗಾಡಿ ಮಾತು ಶುರು ಆತು. ವಾರದಿಂದ ನನ್ನ ಮಗ ಮೊಬೈಲಿನ್ಯಾಗ ಒಂದ ಫೋಟೋ ತೋರಸಾಕತ್ತಾನ. "ಅಪ್ಪಾ, ಮಿರಜ್ ಕಡೆ ಐತಿ, 2012ರ ಥಾರ್, ಫೋರ್ ವ್ಹೀಲ್, ಕಡಿಮಿಗೆ ಬರತೈತಿ." ಇಂಥಾ ಮಾತು ಈಗ ನಿಪ್ಪಾಣಿಯಿಂದ ಅಥಣಿ ತನಕ ಬಾಳ ಮನ್ಯಾಗ ನಡದಿರಬೇಕು. ಅದಕ್ಕ ಇದನ್ನ ಬರಿಯಾಕತ್ತೀನಿ.

ಮೊದಲ ಒಂದು ಮಾತು. ಎಲ್ಲಾರಿಗೂ ಫೋರ್ ವ್ಹೀಲ್ ಬೇಕಾಗಿಲ್ಲ. ಹೊಲದ ತನಕ ಖಡಿ ಹಾಕಿದ ರಸ್ತೆ ಇದ್ರ ಸಾದಾ ಗಾಡಿ ಸಾಕು. ನಮ್ಮ ಹೊಲ ದೂಧಗಂಗಾ ದಂಡಿಗೆ, ಎರಿ ಭೂಮಿ. ಜುಲೈದಾಗ ಎರಡು ದಿನ ಮಳಿ ಹಿಡೀತಂದ್ರ ಬಂಡಿ ದಾರ್ಯಾಗ ಮೋಟಾರ್ ಸೈಕಲ್ ಸೈತ ಹೋಗಂಗಿಲ್ಲ. ಹಾಲಿನ ಕ್ಯಾನು, ದನದ ಮೇವು, ಪಂಪಸೆಟ್ ಮೋಟರು ತರಾಕ ನನ್ನ 1996ರ ಮಹೀಂದ್ರಾ ಎಂಎಂ 540 ಜೀಪೇ ಗತಿ. ಹಂಗಾಗಿ ಹಳೇ ಗಾಡಿ ತಗೋಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ತಗೊಳ್ರಿ. ಆದರ ನಾವು ಗಾಡಿ ರೇಟಿನ ಮ್ಯಾಲ ಮೂರು ದಿನ ಚೌಕಾಸಿ ಮಾಡತೀವಿ, ಕಾಗದದ ಮ್ಯಾಲ ಮೂರು ನಿಮಿಷ ಸೈತ ಕಣ್ಣು ಹಾಯಸಂಗಿಲ್ಲ. ತಪ್ಪು ಅಲ್ಲೇ ಐತಿ.

ನಮ್ಮ ಅಕ್ಕನ ಮಗನ ಕಥಿ ಕೇಳ್ರಿ. 2018ಕ್ಕ ಸಾಂಗ್ಲಿ ಕಡೆಯಿಂದ ಒಂದು ಥಾರ್ ತಂದ. ಹಳೇ ಮಾಲೀಕ ಸಹಿ ಮಾಡಿಕೊಟ್ಟ ಫಾರ್ಮ್ 29 ಮತ್ತು 30 ಡ್ಯಾಶ್‌ಬೋರ್ಡಿನ ಖಾನ್ಯಾಗ ಹಂಗ ಬಿದ್ದಿದ್ದವು. "ಮಾಮಾ, ಇನ್ಶೂರೆನ್ಸ್ ಫುಲ್ ಐತಿ, ಹೆಸರು ನಿಧಾನಕ್ಕ ಮಾಡಸೋಣ" ಅಂದಿದ್ದ. ನಾನೂ ಹೂಂ ಅಂದೆ. 2019ರ ಆಗಸ್ಟಿನ ಮಹಾಪೂರ ನಿಮಗೆಲ್ಲ ಗೊತ್ತೈತಿ. ದನಾ ಹೊಡಕೊಂಡು ಜನ ಹೊರಗ ಬಂದರು, ಗಾಡಿ ಅಂಗಳದಾಗ ಉಳೀತು, ಸ್ಟೇರಿಂಗ್ ಮಟ ನೀರಿನ್ಯಾಗ ಐದು ದಿನ ನಿಂತಿತು. ಪಾಲಿಸಿ ಚಾಲ್ತಿ ಇತ್ತು, ಪೂರದ ನುಕ್ಸಾನೂ ಅದರಾಗ ಬರತಿತ್ತು. ಆದರ ಪಾಲಿಸಿಯೂ ಆರ್‌ಸಿಯೂ ಹಳೇ ಮಾಲೀಕನ ಹೆಸರಿಲೆ. ಕಂಪನಿಯವರು ಒಂದು ರೂಪಾಯಿ ಕೊಡಲಿಲ್ಲ. ಅಂವಾ ಅತ್ತ, ನಾ ಸುಮ್ಮನ ಕುಂತೆ. ಆವತ್ತು ಹೂಂ ಅಂದದ್ದು ಇವತ್ತಿಗೂ ಚುಚ್ಚತೈತಿ.

ಆಮ್ಯಾಲ ತಿಳಕೊಂಡೆ. ಗಾಡಿ ಕೈ ಬದಲಾದ್ರ ಥರ್ಡ್ ಪಾರ್ಟಿ ಭಾಗ ಕಾಯ್ದೆ ಪ್ರಕಾರ ಗಾಡಿ ಕೂಡ ಬರತೈತಿ. ನಮ್ಮ ಸ್ವಂತ ಗಾಡಿ ನುಕ್ಸಾನಿನ ಭಾಗ ಹಂಗ ತಾನಾಗೇ ಬರಂಗಿಲ್ಲ. 14 ದಿನದಾಗ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲ್ ಮಾಡಸಬೇಕು. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ಸೂ ನಮಗ ಸಿಗಂಗಿಲ್ಲ, ಅದು ಗಾಡಿದಲ್ಲ, ಮನುಷ್ಯಾಂದು.

ಮಾರೋರೂ ಕೇಳ್ರಿ. ಗಾಡಿ ಕೊಟ್ಟು ರೊಕ್ಕ ಎಣಿಸಿಕೊಂಡ್ವಿ, ಮುಗೀತು ಅನ್ನಬ್ಯಾಡ್ರಿ. ಆರ್‌ಸಿಯಾಗ ಯಾರ ಹೆಸರೈತಿ ಅಂವನೇ ಮಾಲೀಕ, ಅಪಘಾತದ ಪರಿಹಾರಕ್ಕ ಅಂವನೇ ಹೊಣಿ ಅಂತ 2018ರಾಗ ಸುಪ್ರೀಂ ಕೋರ್ಟ್ ಹೇಳೈತಿ. ತಗೊಂಡಾಂವ ಇನ್ಶೂರೆನ್ಸ್ ಕಟ್ಟದ ಯಾರಿಗರ ಹಾಸಿದ್ರ, ನೋಟಿಸು ನಿಮ್ಮ ಮನಿಗೆ ಬರತೈತಿ.

ನಮ್ಮದು ಗಡಿ ಭಾಗ. ಎಂಎಚ್ 09, ಎಂಎಚ್ 10 ಗಾಡಿ ಇಲ್ಲಿ ಕೆಎ 23 ಗಾಡಿಯಷ್ಟ ಕಾಣತಾವು. ಅಲ್ಲಿ ರೇಟ್ ಕಡಿಮಿ ಅಂತ ತರತೀವಿ. ಆದರ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ ತರಬೇಕು, ಅದು ಫಾರ್ಮ್ 28. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಡೋದಾದ್ರ ಇಲ್ಲಿಯ ನಂಬರ್ ಮಾಡಸಬೇಕು, ಗಾಡಿ ವಯಸ್ಸಿನ ಮ್ಯಾಲ ಕರ್ನಾಟಕದ ಟ್ಯಾಕ್ಸ್ ಕಟ್ಟಬೇಕು. ಸಾಲದ ಗಾಡಿ ಆಗಿದ್ರ ಆರ್‌ಸಿ ಮ್ಯಾಲಿಂದ ಬ್ಯಾಂಕಿನ ಹೆಸರು ತಗಸಿರಬೇಕು, ಅದಕ್ಕ ಫಾರ್ಮ್ 35. ಇಷ್ಟೂ ಖರ್ಚು ಕೂಡಸಿದ ಮ್ಯಾಲ ಅಗ್ಗ ಉಳದ್ರ ಮಾತ್ರ ಅದು ಅಗ್ಗ.

ಆರ್‌ಸಿ ತಾರೀಖೂ ನೋಡ್ರಿ. ಖಾಸಗಿ ಗಾಡಿಗೆ 15 ವರ್ಷ, ಆಮ್ಯಾಲ ಐದೈದು ವರ್ಷಕ್ಕ ರಿನ್ಯೂವಲ್. ಕಾರು ಜೀಪಿಗೆ 600 ರೂಪಾಯಿ ಇದ್ದ ಫೀ 2022ರ ಏಪ್ರಿಲ್‌ನಿಂದ 5,000 ಆತು. 20 ವರ್ಷ ದಾಟಿದ್ದಕ್ಕ 2025ರ ಆಗಸ್ಟಿನ್ಯಾಗ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬ್ಯಾರೆ. ನನ್ನ ಜೀಪಿಗೆ ಈ ವರ್ಷ ಆ ಹತ್ತು ಸಾವಿರದ ಪಾಳಿ. ಮಗ ತೋರಸಿದ 2012ರ ಗಾಡಿಗೂ 2027ಕ್ಕ 15 ತುಂಬತಾವು. ಅದನ್ನ ಹೇಳಿ ರೇಟ್ ಇಳಸ್ರಿ.

ಇನ್ನ ಥರ್ಡ್ ಪಾರ್ಟಿ. 1500 ಸಿಸಿ ಮ್ಯಾಲಿನ ಖಾಸಗಿ ಗಾಡಿಗೆ 2022ರಾಗ ಸರ್ಕಾರ ಇಟ್ಟ ದರ ವರ್ಷಕ್ಕ 7,897 ರೂಪಾಯಿ. 18 ಟಕ್ಕೆ ಜಿಎಸ್‌ಟಿ ಸೇರಿ 9,318. ಮೂರು ಟನ್ ಕಬ್ಬಿನ ರೊಕ್ಕ ಅನ್ರಿ. ನನ್ನ ಜೀಪಿನ ಎಂಜಿನ್ 2112 ಸಿಸಿ, ವರ್ಷಕ್ಕ ಮೂರು ಸಾವಿರ ಕಿಲೋಮೀಟರ್ ಓಡಂಗಿಲ್ಲ. ದಿನಾ ಹೈವೇ ಮ್ಯಾಲ ಓಡೋ ನಲವತ್ತು ಲಕ್ಷದ ದೊಡ್ಡ ಗಾಡಿಗೂ ಅಷ್ಟ ದರ. ಇದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ. ಸಣ್ಣ ರೈತರ ಹಳೇ ಗಾಡಿಗೆ ಒಂದು ಬ್ಯಾರೆ ದರ ಇರಬೇಕು, ನಮ್ಮ ಸಂಘಟನೆಗಳು ಇದನ್ನ ಕೇಳಬೇಕು.

ಆದರ ನ್ಯಾಯ ಅಲ್ಲ ಅಂತ ಕಟ್ಟೋದು ಬಿಡಬ್ಯಾಡ್ರಿ. "ಪೊಲೀಸರು ಹಿಡದ್ರ ಎರಡು ಸಾವಿರ ದಂಡ, ಇನ್ಶೂರೆನ್ಸಿಗಿಂತ ಅಗ್ಗ" ಅನ್ನೋರು ನಮ್ಮೂರಾಗೂ ಅದಾರ. ದಂಡದ ಲೆಕ್ಕ ಅಲ್ರಿ ಅದು. ರಾತ್ರಿ ಕಬ್ಬಿನ ಟ್ರ್ಯಾಲಿ ಹಿಂದ ಬರೋ ಬೈಕಿನವನಿಗೆ ನಮ್ಮ ಗಾಡಿ ಬಡದ್ರ ಪರಿಹಾರ ಲಕ್ಷದ ಲೆಕ್ಕದಾಗ ಬರತೈತಿ. ಪಾಲಿಸಿ ಇಲ್ಲಂದ್ರ ಎಕರೆ ಮಾರಿ ಕೊಡಬೇಕು. ಸತ್ತಾಂವನ ಮನ್ಯಾಗೂ ಹೆಂಡತಿ ಮಕ್ಕಳು ಇರತಾರ, ಅವರಿಗೆ ರೊಕ್ಕ ಸಿಗಬೇಕಲ್ಲ.

ಬಿಳಿ ಬೋರ್ಡಿನ ಜೀಪಿನ್ಯಾಗ ಮಾಯಕ್ಕನ ಚಿಂಚಲಿ ಜಾತ್ರಿಗೆ ತಲಿಗಿಷ್ಟು ಅಂತ ರೊಕ್ಕ ತಗೊಂಡು ಮಂದಿ ಹೇರೋದು, ಕಬ್ಬಿನ ಗ್ಯಾಂಗ್ ಬಾಡಿಗಿಗೆ ಒಯ್ಯೋದು ಬಿಡ್ರಿ. ಖಾಸಗಿ ಪಾಲಿಸಿ ಬಾಡಿಗಿಗೆ ಅಲ್ಲ.

ಫುಲ್ ಇನ್ಶೂರೆನ್ಸ್ ಬೇಕೋ ಬ್ಯಾಡೋ? ಐದು ವರ್ಷ ದಾಟಿದ ಗಾಡಿಯ ಬೆಲೆ ನಾವೂ ಕಂಪನಿಯವರೂ ಮಾತಾಡಿ ಗೊತ್ತು ಮಾಡೋದು. ಹತ್ತು ವರ್ಷ ದಾಟಿದ್ರ ಲೋಹದ ಸಾಮಾನಿಗೆ ಅರ್ಧ ಕಡಿತ, ರಬ್ಬರ್ ಪ್ಲಾಸ್ಟಿಕ್ಕಿಗೂ ಅರ್ಧ. ಆದ್ದರಿಂದ ನನ್ನ ಮುದಿ ಜೀಪಿಗೆ ಥರ್ಡ್ ಪಾರ್ಟಿ ಮತ್ತು ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ ಅಷ್ಟ. ಆದರ ನದಿ ದಂಡಿಗೆ ಮನಿ ಇದ್ದು, ಮೂರ್ನಾಕು ಲಕ್ಷದ ಗಾಡಿ ಆದ್ರ ಫುಲ್ ಮಾಡಸೋದು ಚಲೋ. ನೀರಿನ್ಯಾಗ ನಿಂತ ಗಾಡಿ ಚಾಲೂ ಮಾತ್ರ ಮಾಡಬ್ಯಾಡ್ರಿ. ಎಂಜಿನ್ನಿಗೆ ನೀರು ಹೊಕ್ಕು ರಾಡ್ ಬಾಗತೈತಿ, ಸಾದಾ ಪಾಲಿಸಿಯಾಗ ಆ ನುಕ್ಸಾನು ಕೊಡಂಗಿಲ್ಲ. ಎಳಕೊಂಡು ಹೋಗ್ರಿ.

ಗಾಡಿ ನೋಡುವಾಗ ಬಣ್ಣ ನೋಡಬ್ಯಾಡ್ರಿ, ಕೆಳಗ ಮಲಕ್ಕೊಂಡು ನೋಡ್ರಿ. ಚಾಸಿ ನಂಬರ್ ಆರ್‌ಸಿಗೆ ತಾಳಿ ಆಗಬೇಕು. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಐತೋ ಇಲ್ಲೋ ನೋಡ್ರಿ, ಖರ್ಚು ಉಳಸಾಕ ಬಿಚ್ಚಿಟ್ಟ ಗಾಡಿ ಬಾಳ ಇರತಾವು. ಫೋರ್ ವ್ಹೀಲ್ ಹಾಕಿ ನೋಡೋದು ಕೆಸರಿನ್ಯಾಗ, ಒಣ ಡಾಂಬರ್ ಮ್ಯಾಲ ಅಲ್ಲ, ಡಾಂಬರ್ ಮ್ಯಾಲ ತಿರಗಿಸಿದ್ರ ಕ್ರಾಸು, ಗೇರು ಮುರೀತಾವು. ನಾಕೂ ಟಾಯರ್ ಒಂದ ಅಳತಿ ಇರಬೇಕು. ನೀರು ದಾಟಿ ಬಂದ ಮ್ಯಾಲ ಗೇರ್ ಆಯಿಲ್ ನೋಡ್ರಿ, ಹಾಲಿನಂಗ ಬೆಳ್ಳಗಾಗಿದ್ರ ನೀರು ಹೊಕ್ಕೈತಿ, ಬದಲ್ ಮಾಡ್ರಿ. ಕ್ರಾಸಿಗೆ ಗ್ರೀಸ್ ಹೊಡಿಯೋದು ನಾವೇ ಮಾಡೋ ಕೆಲಸ, ಅದಕ್ಕ ಮಿಸ್ತ್ರಿ ಬೇಕಾಗಿಲ್ಲ.

ನನ್ನ ಲೆಕ್ಕ ಇಷ್ಟು. ಕೈಯಾಗಿನ ರೊಕ್ಕ ನಾಕು ಪಾಲು ಮಾಡ್ರಿ. ಮೂರು ಪಾಲು ಗಾಡಿಗೆ, ಒಂದು ಪಾಲು ಕಾಗದ, ಇನ್ಶೂರೆನ್ಸ್, ಮೊದಲ ರಿಪೇರಿಗೆ. ಮೂರು ಲಕ್ಷ ಇದ್ರ ಎರಡೂಕಾಲು ಲಕ್ಷದ ಗಾಡಿ ಹುಡುಕ್ರಿ.

ಮಗನಿಗೂ ಇದನ್ನ ಹೇಳೀನಿ. ಎನ್‌ಓಸಿ ಕೈಗೆ ಬಂದ ದಿನ ಪೂರಾ ರೊಕ್ಕ, ಅಲ್ಲಿ ತನಕ ಇಸಾರ ಅಷ್ಟ. ಮಗ ಮುಖ ಉಬ್ಬಿಸ್ಯಾನ, ಉಬ್ಬಿಸಲಿ. ಅಕ್ಕನ ಮಗನಿಗೆ ಹೂಂ ಅಂದಂಗ ಇನ್ನೊಮ್ಮೆ ಅನ್ನಂಗಿಲ್ಲ.

ಗಡಿ ಆಚಿಂದ ಗಾಡಿ ತಂದು ಹೆಸರು ಮಾಡಸಿದವರು ಎಷ್ಟು ದಿನ ಹಿಡೀತು, ಎಷ್ಟು ಖರ್ಚಾತು ಅಂತ ಬರೀರಿ. ನಾಕು ಮಂದಿಗೆ ಉಪಯೋಗ ಆಗತೈತಿ.