ಅದು ತಾನೇ ಮಡಚಿಕೊಳ್ಳುತ್ತಂತೆ!

ಬೇಸಿಗೆ ರಜೆ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಜನಕ್ಕೆ ಆರ್‌ವಿ ಹುಚ್ಚು ಹಿಡಿಯುತ್ತೆ. ಎರಡು ಸಂಸಾರ ಸೇರಿ ಮನೆಯಂಥ ಒಂದು ಗಾಡಿ ಬಾಡಿಗೆಗೆ ತಗೊಳ್ಳೋದು, ಅದರೊಳಗೆ ಕುಕ್ಕರು, ಸೋನಾ ಮಸೂರಿ, ಪುಳಿಯೋಗರೆ ಗೊಜ್ಜು ತುಂಬೋದು, ಯೂಟಾ ಕಡೆಗೋ ಅರಿಜೋನಾ ಕಡೆಗೋ ಹೊರಟೇ ಬಿಡೋದು. ನಾವೂ ಹೊರಟಿದ್ವಿ. ಗಾಡಿ ತೋರಿಸುತ್ತಿದ್ದ ಬಾಡಿಗೆ ಅಂಗಡಿಯ ಹುಡುಗ ಬಾಗಿಲ ಹತ್ತಿರದ ಗುಂಡಿ ಒತ್ತಿದ. ಗೋಡೆಗೆ ಅಂಟಿಕೊಂಡಿದ್ದ ಸುರುಳಿ ಬಿಚ್ಚಿಕೊಂಡು, ಎರಡು ತೋಳು ಚಾಚಿ, ಹದಿನಾರಡಿ ಉದ್ದದ ಬಟ್ಟೆಯ ಚಪ್ಪರ ಹೊರಗೆ ಬಂತು. ಇದಕ್ಕೆ ಆನಿಂಗ್ ಅನ್ನುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟಿದವು.

"ಜೋರು ಗಾಳಿ ಬಂದ್ರೆ?" ಅಂತ ಹೆಂಡತಿ ಕೇಳಿದಳು.

"ಸೆನ್ಸರ್ ಇದೆ, ತಾನೇ ಮಡಚಿಕೊಳ್ಳುತ್ತೆ" ಅಂದ ಹುಡುಗ.

ಮಡಚಿಕೊಳ್ಳಲಿಲ್ಲ.

ಮೋಆಬ್ ಊರಿನ ಹೊರಗೆ ಗಾಡಿ ನಿಲ್ಲಿಸಿ, ಚಪ್ಪರದ ಕೆಳಗೆ ಕುರ್ಚಿ ಹಾಕಿಟ್ಟು, ಗೆಳೆಯನ ಕಾರಿನಲ್ಲಿ ಆರ್ಚಸ್ ನ್ಯಾಷನಲ್ ಪಾರ್ಕ್ ನೋಡಲು ಹೋಗಿದ್ದೆವು. ಜುಲೈ ತಿಂಗಳು, ಬೆಳಿಗ್ಗೆ ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ನಾಲ್ಕು ಗಂಟೆಗೆ ವಾಪಸ್ ಬಂದರೆ ಸುರುಳಿಯ ಕೊಳವೆ ಗಾಡಿಯ ತಲೆಯ ಮೇಲೆ ಮಗುಚಿ ಬಿದ್ದಿದೆ, ಒಂದು ತೋಳು ಮೊಣಕೈ ಮುರಿದವರ ಹಾಗೆ ನೇತಾಡುತ್ತಿದೆ, ಗೋಡೆಯಲ್ಲಿ ಸ್ಕ್ರೂ ಕಿತ್ತು ಬಂದ ನಾಲ್ಕು ತೂತು. ಬೆಳಿಗ್ಗೆ ನನ್ನ ಮಗಳು ಕೂತು ಬಣ್ಣ ಹಚ್ಚುತ್ತಿದ್ದ ಪುಟ್ಟ ಕುರ್ಚಿ ಎರಡು ತುಂಡಾಗಿತ್ತು. ದುಡ್ಡಿನ ವಿಷಯ ಆಮೇಲೆ ಹೇಳ್ತೀನಿ. ಆ ಕುರ್ಚಿ ನೋಡಿದ ಮೇಲೆ ಸ್ವಲ್ಪ ಹೊತ್ತು ನಾವ್ಯಾರೂ ಮಾತಾಡಲಿಲ್ಲ.

ಪಕ್ಕದ ಗಾಡಿಯ ಅಜ್ಜ ಬಂದು ಹೇಳಿದ: ಮಳೆ ನಾಲ್ಕು ಹನಿ ಕೂಡ ಬೀಳಲಿಲ್ಲವಂತೆ, ಗಾಳಿ ಬೀಸಿದ್ದು ಐದು ನಿಮಿಷವಂತೆ. ಮರುಭೂಮಿಯ ಗುಡುಗುಮಳೆ ಇರುವುದೇ ಹೀಗೆ. ದೂರದ ಮೋಡದಿಂದ ಕೆಳಕ್ಕೆ ಕುಸಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತೆ. ಮಳೆ ಇನ್ನೂ ಮೈಲಿಗಟ್ಟಲೆ ಆಚೆ ಇರುವಾಗಲೇ ಅದು ನಿಮ್ಮನ್ನು ಮುಟ್ಟಿರುತ್ತೆ. ಅಜ್ಜನ ಚಪ್ಪರ ಮಡಚಿತ್ತು. ಊಟಕ್ಕೆ ಹೋಗುವ ಮೊದಲೇ ಮಡಚಿದ್ದನಂತೆ. ಹಾಲು ತರಲು ಹೋದರೂ ಮಡಚುತ್ತಾನಂತೆ.

ಈಗ ಸೆನ್ಸರ್ ಕಥೆ ಕೇಳಿ. ಹೆಸರು ಕೇಳಿದರೆ ಹವಾಮಾನ ಇಲಾಖೆಯನ್ನೇ ಗಾಡಿಗೆ ಕೂರಿಸಿದ್ದಾರೆ ಅನ್ನಿಸುತ್ತೆ. ಆದರೆ ಇಂಥ ಬಹಳಷ್ಟು ಸೆನ್ಸರ್‌ಗಳು ಗಾಳಿಯನ್ನು ಅಳೆಯುವುದೇ ಇಲ್ಲ, ಚಪ್ಪರ ಎಷ್ಟು ಕುಲುಕುತ್ತಿದೆ ಅನ್ನೋದನ್ನು ಅಳೆಯುತ್ತವೆ. ಅಂದ್ರೆ ಏಟು ಬಿದ್ದ ಮೇಲೆ ಅದಕ್ಕೆ ಸುದ್ದಿ. ಆಮೇಲೆ ಮೋಟಾರು ನಿಧಾನಕ್ಕೆ ಸುತ್ತಿಕೊಳ್ಳಲು ಶುರುಮಾಡುತ್ತೆ, ಅಷ್ಟೂ ಹೊತ್ತು ಬಟ್ಟೆ ಹಾಯಿದೋಣಿಯ ಪಟದ ಹಾಗೆ ಉಬ್ಬಿಕೊಂಡು ನಿಂತಿರುತ್ತೆ. ಬ್ಯಾಟರಿ ಇಳಿದಿದ್ದರೆ ಮೋಟಾರೂ ಇಲ್ಲ. ಇನ್ನು ಸಣ್ಣ ತಂಗಾಳಿಗೂ ಪದೇ ಪದೇ ಮಡಚಿಕೊಳ್ಳುತ್ತೆ ಅಂತ ಅದರ ಸೂಕ್ಷ್ಮತೆ ತಗ್ಗಿಸಿಟ್ಟ ಮಹಾನುಭಾವರು ನಮಗಿಂತ ಮುಂಚೆ ಅದೇ ಗಾಡಿಯಲ್ಲಿ ಓಡಾಡಿರುತ್ತಾರೆ. ಸೆನ್ಸರ್ ಇರಬಾರದು ಅಂತಲ್ಲ. ಎದುರಿಗೆ ಕೂತಾಗ ಮೈಮರೆತರೆ ಕಾಪಾಡೀತು. ಅದನ್ನು ನಂಬಿ ಬಿಟ್ಟು ಹೋಗಿ ಅನ್ನೋದಿದೆಯಲ್ಲ, ಅದು ಸುಳ್ಳು.

ಸ್ವಲ್ಪ ಲೆಕ್ಕ ಮಾಡೋಣ, ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ. ಹದಿನಾರಡಿ ಉದ್ದ, ಎಂಟಡಿ ಅಗಲ, ಅಂದರೆ 128 ಚದರಡಿ ಬಟ್ಟೆ. ಗಂಟೆಗೆ 20 ಮೈಲಿಯ ಗಾಳಿ ಅದಕ್ಕೆ ನೇರವಾಗಿ ತಾಗಿದರೆ ಸುಮಾರು 60 ಕೆಜಿಯಷ್ಟು ಒತ್ತಡ. ಗಾಳಿಯ ವೇಗ 40 ಮೈಲಿಗೆ ಏರಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹತ್ತಿರ ಹತ್ತಿರ 240 ಕೆಜಿ! ಇಷ್ಟನ್ನು ತಡೆಯಬೇಕಾದ್ದು ಎರಡು ಅಲ್ಯೂಮಿನಿಯಂ ತೋಳು ಮತ್ತು ತೆಳ್ಳನೆಯ ಫೈಬರ್‌ಗ್ಲಾಸ್ ಗೋಡೆಗೆ ಬಿಗಿದ ಕೆಲವು ಸ್ಕ್ರೂ. ನಮ್ಮೂರ ಮದುವೆ ಮನೆಗಳಲ್ಲಿ ಪಡುವಣದಲ್ಲಿ ಮೋಡ ಕಪ್ಪಾದರೆ ಶಾಮಿಯಾನದವನು ಮೊದಲು ಓಡುತ್ತಿದ್ದದ್ದು ಬಟ್ಟೆ ಇಳಿಸಲಿಕ್ಕೆ. ಅವನೇನೂ ಎಂಜಿನಿಯರಿಂಗ್ ಓದಿರಲಿಲ್ಲ.

ತಯಾರಕರಿಗೆ ಇದು ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು. ಕೈಪಿಡಿ ತೆರೆದು ನೋಡಿ: ಗಾಳಿಯಲ್ಲಿ ಬಿಚ್ಚಬೇಡಿ, ಜೋರು ಮಳೆಯಲ್ಲಿ ಬಿಚ್ಚಬೇಡಿ, ಯಾರೂ ಇಲ್ಲದಾಗ ಬಿಚ್ಚಿಡಬೇಡಿ. ಜಾಹೀರಾತು ನೋಡಿ: ಸಂಜೆ ಬೆಳಕು, ದೀಪದ ಸರ, ಕೆಳಗೆ ಮೇಜು ಹಾಸಿಗೆ ನಾಯಿ ಎಲ್ಲ ಇಟ್ಟುಕೊಂಡು ವಾರಗಟ್ಟಲೆ ಅಲ್ಲೇ ಬೇರೂರಿದಂತೆ ಒಂದು ಸುಖೀ ಸಂಸಾರ. ಚಿತ್ರದಲ್ಲಿ ಮಾರುವುದು ಕೋಣೆ, ಕೈಪಿಡಿಯಲ್ಲಿ ಕೊಡುವುದು ಛತ್ರಿ. ನಡುವಿನ ವ್ಯತ್ಯಾಸ ಯಾರ ತಲೆಗೆ? ನಮ್ಮ ಬಾಡಿಗೆ ಕರಾರಿನ ಹನ್ನೊಂದನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು, ಆನಿಂಗ್‌ಗೆ ಆದ ಹಾನಿ ವಿಮೆಯಲ್ಲಿ ಬರೋದಿಲ್ಲ ಅಂತ. 1,500 ಡಾಲರ್ ಠೇವಣಿ ಹೋಯಿತು. ಓದದೇ ಸಹಿ ಹಾಕಿದ್ದು ನನ್ನ ತಪ್ಪೇ, ಒಪ್ಪಿದೆ. ಆದರೆ ಗುಂಡಿ ಒತ್ತಿ ತೋರಿಸಲು ಹತ್ತು ನಿಮಿಷ ಇದ್ದವರಿಗೆ, "ಹೊರಗೆ ಹೋಗುವಾಗ, ಮಲಗುವಾಗ ಮಡಚಿ, ಮುರಿದರೆ ದುಡ್ಡು ನಿಮ್ಮದೇ" ಅನ್ನಲು ಹತ್ತು ಸೆಕೆಂಡ್ ಇರಲಿಲ್ಲವಾ?

"ಹೆದರಿ ಮಡಚಿಟ್ಟರೆ ಅದು ಇದ್ದೂ ಏನು ಪ್ರಯೋಜನ, ಹಗ್ಗ ಕಟ್ಟಿ ನೆಲಕ್ಕೆ ಗೂಟ ಹೊಡೀರಿ" ಅನ್ನೋ ಗೆಳೆಯರಿದ್ದಾರೆ. ಅದಕ್ಕೆಂದೇ ಪಟ್ಟಿ, ಸ್ಪ್ರಿಂಗು, ಗೂಟದ ಕಿಟ್ ಮಾರುತ್ತಾರೆ. ಸಣ್ಣ ಗಾಳಿಗೆ ಬಟ್ಟೆ ಪಟಪಟ ಅನ್ನದಿರಲು ಅವು ಸರಿ. ಜೋರು ಗಾಳಿಯಲ್ಲಿ ಮಾತ್ರ ಕೊಳವೆ ಮೇಲೇಳಲು ಬಿಡದೆ ಕಟ್ಟಿಹಾಕಿದರೆ ಆ ಬಲ ಮಾಯವಾಗೋದಿಲ್ಲ ಮಾರಾಯ್ರೆ. ಬಟ್ಟೆಯನ್ನಾದರೂ ಸೀಳುತ್ತೆ, ಗೋಡೆಯನ್ನಾದರೂ ಕೀಳುತ್ತೆ. ಮಳೆಯದ್ದೂ ಹೀಗೇ. ಒಂದು ತೋಳನ್ನು ತಗ್ಗಿಸಿಟ್ಟರೆ ನೀರು ಆ ಕಡೆ ಹರಿದು ಹೋಗುತ್ತೆ. ಸಮವಾಗಿ ಬಿಟ್ಟರೆ ಹೊಟ್ಟೆ ಜೋತು ಕೊಳವಾಗುತ್ತೆ. ಇಪ್ಪತ್ತು ಬಿಂದಿಗೆ ನೀರನ್ನು ಆ ತೋಳುಗಳು ಎಷ್ಟು ಹೊತ್ತು ಹೊತ್ತಾವು?

ಮುರಿದದ್ದನ್ನು ರಿಪೇರಿ ಮಾಡೋದರಲ್ಲೂ ಇದೇ ಉಡಾಫೆ. ವಿನೈಲ್ ಬಟ್ಟೆಯಲ್ಲಿ ಗೇಣುದ್ದ ಹರಿದಿದ್ದರೆ, ಚೆನ್ನಾಗಿ ಒರೆಸಿ ಒಣಗಿಸಿ, ಅದಕ್ಕೆಂದೇ ಸಿಗುವ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಎರಡೂ ಬದಿಗೆ ಅಂಟಿಸಿದರೆ ಬಾಳಿಕೆ ಬರುತ್ತೆ. ನೇಯ್ದ ಅಕ್ರಿಲಿಕ್ ಆದರೆ ಬಿಸಿಲು ತಡೆಯುವ ದಾರದಲ್ಲಿ ಹೊಲಿಯಬೇಕು. ಇಷ್ಟು ಯಾರು ಬೇಕಾದರೂ ಮಾಡಬಹುದು. ಬಾಗಿದ ತೋಳನ್ನು ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡಿ ಮತ್ತೆ ಹಾಕುವವರಿದ್ದಾರೆ, ಬೇಡ. ಒಮ್ಮೆ ಮಡಿದ ಅಲ್ಯೂಮಿನಿಯಂ ಮುಂದಿನ ಸಲ ಅಲ್ಲೇ ಮುರಿಯುತ್ತೆ. ಹಳೆಯ ಕೈಯಿಂದ ಎಳೆಯುವ ಚಪ್ಪರವಾದರೆ ಕೊಳವೆಯೊಳಗೆ ತಿರುಚಿಟ್ಟ ಸ್ಪ್ರಿಂಗ್ ಇರುತ್ತೆ. ಅದಕ್ಕೆ ಪಿನ್ ಹಾಕಿ ಬಂಧಿಸದೇ ತುದಿಯ ಮುಚ್ಚಳ ಬಿಚ್ಚಿದರೆ ತೋಳು ಗಿರ್ರನೆ ತಿರುಗಿ ಬೆರಳೋ ಮಣಿಕಟ್ಟೋ ಮುರಿದೀತು. ಯೂಟ್ಯೂಬ್ ನೋಡಿಕೊಂಡು ಒಬ್ಬರೇ ಕೈ ಹಾಕಬೇಡಿ.

ಎಲ್ಲರೂ ಮರೆಯುವುದು ಆ ನಾಲ್ಕು ತೂತನ್ನು. ಹೊಸ ಬಟ್ಟೆ ಬಂತು, ಹೊಸ ತೋಳು ಬಂತು, ಫೋಟೋಗೆ ಚೆನ್ನಾಗಿದೆ. ಹಳೇ ತೂತಿಗೆ ಒಂದು ಚಮಚ ಸಿಲಿಕೋನ್ ಬಳಿದು, ಅದರಲ್ಲೇ ಸ್ವಲ್ಪ ದಪ್ಪ ಸ್ಕ್ರೂ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಒಳಗಿನ ಮರ ಆಗಲೇ ಸೀಳಿರುತ್ತೆ. ಮುಂದಿನ ಮಳೆಯ ನೀರು ಸದ್ದಿಲ್ಲದೆ ಗೋಡೆಯೊಳಗೆ ಇಳಿಯುತ್ತೆ, ಮರ ಕೊಳೆಯುತ್ತೆ, ಒಂದು ದಿನ ಫೈಬರ್‌ಗ್ಲಾಸ್ ಹೊದಿಕೆ ಹಪ್ಪಳದ ಹಾಗೆ ಉಬ್ಬಿ ನಿಲ್ಲುತ್ತೆ. ಬಟ್ಟೆ ಬದಲಿಸೋದು ಕೆಲವು ಗಂಟೆಯ ಕೆಲಸ, ಗೋಡೆಗೆ ಹೀಗಾದರೆ ಆ ಗಾಡಿ ಗುಜರಿಗೂ ಹೋಗಬಹುದು. ತೂತಿನ ಹಿಂದಿನ ಮರ ಗಟ್ಟಿಯಿದೆಯಾ ನೋಡಿ, ಇಲ್ಲದಿದ್ದರೆ ಅದನ್ನು ಬದಲಿಸಿ, ಪೂರ್ತಿ ಒಣಗಿದ ಮೇಲೆ ಬ್ಯೂಟೈಲ್ ಟೇಪ್ ಇಟ್ಟು ಸ್ಕ್ರೂ ಬಿಗಿಯಬೇಕು. ಅಂಗಡಿಯವರು ಇದನ್ನು ಬಿಲ್ಲಿನಲ್ಲಿ ಬರೆದಿದ್ದಾರಾ ಕೇಳಿ. ನಾನು ಕೇಳಿದೆ. "ಅದೆಲ್ಲಾ ನಾವು ನೋಡ್ಕೋತೀವಿ" ಅಂತ ಉತ್ತರ ಬಂತು. ಸೆನ್ಸರ್ ಬಗ್ಗೆ ಹೇಳಿದ್ದೂ ಇದೇ ದನಿಯಲ್ಲಿ.

ಈ ವರ್ಷ ಮತ್ತೆ ಹೊರಟಿದ್ದೀವಿ, ಬೇರೆ ಅಂಗಡಿಯಿಂದ. ಕರಾರಿನಲ್ಲಿ ಆನಿಂಗ್ ಬಗ್ಗೆ ಏನಿದೆ ಅಂತ ಮೊದಲೇ ಕೇಳಿ, ಇಮೇಲಿನಲ್ಲಿ ಬರೆಸಿಕೊಂಡೆ. ಗಾಡಿ ತಗೊಳ್ಳುವಾಗ ಗೋಡೆಯ ಸ್ಕ್ರೂಗಳ ಫೋಟೋ ತೆಗೆಯುತ್ತಿದ್ದರೆ ಕೌಂಟರಿನ ಹೆಂಗಸು ನನ್ನನ್ನು ವಿಚಿತ್ರ ಪ್ರಾಣಿಯ ಹಾಗೆ ನೋಡಿದರು. ಮೊದಲ ದಿನ ಹಾಲು ತರಲು ಹೊರಟಾಗ ಮಗಳೇ ಓಡಿಹೋಗಿ ಗುಂಡಿ ಒತ್ತಿದಳು. ಪೂರ್ತಿ ಸುತ್ತಿಕೊಳ್ಳುವ ತನಕ ಕೈ ತೆಗೆಯಲಿಲ್ಲ.