ಕಣಜಕ್ಕೆ ರಕ್ಷಣೆ, ಊರಿಗೆ ಗಡೀಪಾರು

ಇಂಗ್ಲಿಷರು ‘ಬಾರ್ನ್’ ಎಂದು ಕರೆಯುವ ಕಟ್ಟಡಕ್ಕೆ ಕನ್ನಡದಲ್ಲಿ ಒಂದೇ ಪದ ಸಿಗುವುದಿಲ್ಲ. ಪೈರನ್ನು ಒಕ್ಕುವ ಕಣ, ಕಾಳನ್ನು ಕೂಡಿಡುವ ಕಣಜ, ಹುಲ್ಲನ್ನು ಒಟ್ಟುವ ಅಟ್ಟ, ಈ ಮೂರನ್ನೂ ಒಂದೇ ಸೂರಿನಡಿ ತಂದರೆ ಅದು ಬಾರ್ನ್. ಮಳೆಗಾಲ ಕಳೆದ ಮೇಲೆ ಬಯಲಿನಲ್ಲಿಯೇ ಕಣ ಮಾಡಿ, ಸಗಣಿ ಸಾರಿಸಿ, ಗಾಳಿಗೆ ತೂರಿಕೊಳ್ಳುವ ಭಾಗ್ಯ ಆ ನಾಡಿನ ರೈತನಿಗಿಲ್ಲ. ಅಲ್ಲಿ ಸುಗ್ಗಿಗೂ ಮಳೆ ತಪ್ಪದು. ಆದುದರಿಂದಲೇ ಅಲ್ಲಿಯವರು ದೇವಾಲಯ ಕಟ್ಟುವಷ್ಟೇ ಶ್ರದ್ಧೆಯಿಂದ ಕಣಜಗಳನ್ನು ಕಟ್ಟಿದರು. ಅಂಥವುಗಳಲ್ಲಿ ಅತಿ ದೊಡ್ಡದೆನಿಸುವ ಒಂದು, ಲಂಡನ್ನಿನ ಪಶ್ಚಿಮ ಅಂಚಿನ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಲ್ಲಿದೆ. ಆರು ಶತಮಾನಗಳಿಂದ ನಿಂತಿರುವ ಈ ಮರದ ಕಟ್ಟಡದಿಂದ ಹೀಥ್ರೂ ವಿಮಾನ ನಿಲ್ದಾಣದ ಬೇಲಿ ಎರಡು ಮೈಲಿಯೂ ದೂರವಿಲ್ಲ. ಬೆಂಗಳೂರಿನಿಂದ ಲಂಡನ್ನಿಗೆ ಹಾರಿ ಹೀಥ್ರೂವಿನಲ್ಲಿ ಇಳಿಯುವ ಕನ್ನಡಿಗರು ಅದರ ಸಮೀಪದಲ್ಲಿಯೇ ನೆಲ ಮುಟ್ಟುತ್ತಾರೆ. ಅವರಲ್ಲಿ ಅದನ್ನು ನೋಡಹೋಗುವವರು ಎಷ್ಟು ಮಂದಿಯೋ!

ನೋಡಹೋಗುವುದು ಕಷ್ಟವೇನಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಕಣಜದ ಬಾಗಿಲು ತೆರೆಯುವುದು ವಾಡಿಕೆ. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. ಕಟ್ಟಡದ ಗೆಳೆಯರ ಬಳಗವೊಂದು ಬಂದವರನ್ನು ಒಳಗೆ ಕರೆದೊಯ್ಯುತ್ತದೆ. ಪೂರ್ವದ ಗೋಡೆಯಲ್ಲಿ ತುಂಬಿದ ಗಾಡಿ ನುಗ್ಗುವಷ್ಟು ಎತ್ತರದ ಮೂರು ಬಾಗಿಲುಗಳಿವೆ. ಅವುಗಳ ಮೂಲಕ ಒಳಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಕತ್ತಲೆ. ಅನಂತರ ಆ ಕತ್ತಲೆಯಿಂದ ಒಂದೊಂದಾಗಿ ಎದ್ದುಬರುವ ಓಕ್ ಮರದ ಕಂಬಗಳು. ಉದ್ದ ಸುಮಾರು 58 ಮೀಟರು, ಅಗಲ 11 ಮೀಟರಿಗೂ ಮಿಗಿಲು, ನೆತ್ತಿಯ ಎತ್ತರ ಹತ್ತಿರಹತ್ತಿರ 12 ಮೀಟರು. ಮಲೆನಾಡಿನ ಬಡಗಿಯ ಲೆಕ್ಕದಲ್ಲಿ ಹೇಳುವುದಾದರೆ 12 ಅಂಕಣದ ಮನೆ. ನಡುವೆ ಎತ್ತರದ ಪಡಸಾಲೆ, ಅದರ ಎರಡೂ ಪಕ್ಕಗಳಲ್ಲಿ ತಗ್ಗಿದ ಮಾಡಿನ ಕಿರುಸಾಲುಗಳು. ಇಂಗ್ಲೆಂಡಿನ ಕವಿ ಜಾನ್ ಬೆಟ್ಜೆಮನ್ ಇದನ್ನು ಮಿಡ್ಲ್‌ಸೆಕ್ಸ್ ಪ್ರಾಂತದ ಮಹಾಮಂದಿರ ಎಂಬರ್ಥದ ಮಾತಿನಲ್ಲಿ ಕೊಂಡಾಡಿದ್ದನು. ಆ ಹೊಗಳಿಕೆಯನ್ನು ಉತ್ಪ್ರೇಕ್ಷೆಯೆನ್ನಲು ಬರುವುದಿಲ್ಲ.

ಒಂದು ತೊಲೆಯ ತುದಿಯಲ್ಲಿ ಹಲ್ಲು ಕಡೆದು, ಇನ್ನೊಂದರ ಮೈಯಲ್ಲಿ ಕುಳಿ ತೋಡಿ, ಎರಡನ್ನೂ ಕೂಡಿಸಿ ಮರದ ಗೂಟ ಬಡಿದು ಬಿಗಿಯುವುದು ಇಲ್ಲಿಯ ಕಟ್ಟುವಿಕೆಯ ರೀತಿ. ಹಸಿಮರವನ್ನೇ ಬಳಸುವುದರಿಂದ ಅದು ಒಣಗುತ್ತ ಹೋದಂತೆ ಕೂಟ ಇನ್ನಷ್ಟು ಬಿಗಿಯಾಗುತ್ತದೆ. ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಹೊಂದಿಸಿ, ಯಾವ ತುಂಡು ಯಾವುದಕ್ಕೆ ಸೇರಬೇಕೆಂಬುದಕ್ಕೆ ಉಳಿಯಿಂದ ಗುರುತು ಕೆತ್ತಿ, ಬಿಚ್ಚಿ, ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಕಂಬಗಳು ನೆಲದ ತೇವಕ್ಕೆ ತಾಗದಂತೆ ಕಲ್ಲಿನ ಮೇಲೆ ನಿಂತಿವೆ. ಮರದ ವರ್ಷದ ಬಳೆಗಳನ್ನು ಎಣಿಸಿದ ತಜ್ಞರು, ಈ ಓಕ್ ಮರಗಳನ್ನು ಕಡಿದದ್ದು 1424ರಿಂದ 1426ರ ನಡುವೆ ಎಂದು ನಿರ್ಣಯಿಸಿದ್ದಾರೆ. ಅಂದು ನಿಂತ ಚೌಕಟ್ಟಿನ ಬಹುಪಾಲು ಮರ ಇಂದಿಗೂ ಅದೇ ಸ್ಥಾನದಲ್ಲಿದೆ. ಮರ ಕೊಳ್ಳಲು ಥೇಮ್ಸ್ ದಡದ ಕಿಂಗ್‌ಸ್ಟನ್ನಿಗೆ ಹೋದ ಇಬ್ಬರು ಬಡಗಿಗಳ ಹೆಸರು ಸಹ ಒಡೆಯರ ದಾಖಲೆಗಳಲ್ಲಿ ಉಳಿದಿದೆ: ವಿಲಿಯಂ ಕಿಪ್ಪಿಂಗ್, ಜಾನ್ ಅಟ್ ಓಕ್. ಎರಡನೆಯವನ ಹೆಸರಿನ ಅರ್ಥವೇ ‘ಓಕ್ ಮರದ ಬಳಿಯವನು’ ಎಂದು!

ಇಷ್ಟಾದರೂ ಈ ಕಣಜವನ್ನು ಗ್ರಾಮಸ್ವರಾಜ್ಯದ ಕುರುಹೆಂದು ಆರಾಧಿಸುವವರು ತುಸು ತಾಳಬೇಕು. ಇದು ರೈತನ ಕಣಜವಲ್ಲ, ಒಡೆಯನ ಕಣಜ. ಹಾರ್ಮಂಡ್ಸ್‌ವರ್ತ್ ಜಹಗೀರು ಮೊದಲು ಫ್ರಾನ್ಸಿನ ರೂಆನ್ ಪಟ್ಟಣದ ಮಠವೊಂದರ ಕೈಯಲ್ಲಿತ್ತು. ವಿಂಚೆಸ್ಟರಿನ ಬಿಷಪ್ ವೈಕಮ್‌ನ ವಿಲಿಯಂ 1391ರಲ್ಲಿ ಅದನ್ನು ತಾನು ಸ್ಥಾಪಿಸಿದ ವಿಂಚೆಸ್ಟರ್ ಕಾಲೇಜಿಗೆಂದು ಪಡೆದನು. ಕಟ್ಟಿಸಿದವರು ಆ ಕಾಲೇಜಿನವರು. ಇಲ್ಲಿ ತುಂಬಿದ ಗೋಧಿ, ಬಾರ್ಲಿ, ಓಟ್ಸ್ ಅವರ ಜಹಗೀರಿನ ಫಸಲು. ಜನರು ಇದನ್ನು ದಶಮಾಂಶದ ಕಣಜ ಎಂದು ಕರೆಯುವುದುಂಟಾದರೂ ಇದು ಚರ್ಚಿನ ತೆರಿಗೆ ಧಾನ್ಯಕ್ಕಾಗಿ ಕಟ್ಟಿದ್ದಲ್ಲ. ಹಾಗಿದ್ದೂ ಈ ಕಟ್ಟಡ ಒಂದು ಸತ್ಯವನ್ನು ಹೇಳುತ್ತದೆ. ಅಂದಿನ ಒಡೆಯನ ಸಂಪತ್ತು ಸುತ್ತಣ ನೆಲದಿಂದಲೇ ಬರಬೇಕಾಗಿತ್ತು. ನೆಲ ಕೆಟ್ಟರೆ, ಒಕ್ಕಲು ಓಡಿಹೋದರೆ, ಅವನ ಕಣಜ ಬರಿದಾಗುತ್ತಿತ್ತು. ಇಂದಿನ ಒಡೆಯನಿಗೆ ಆ ಭಯವಿಲ್ಲ. ಅವನಿಗೆ ಬೇಕಾದದ್ದು ನೆಲದ ಫಲವತ್ತತೆಯಲ್ಲ, ನೆಲದ ಸಮತಟ್ಟು.

ಹೀಥ್ರೂವಿನ ಹುಟ್ಟು ಈ ಮಾತಿಗೆ ಸಾಕ್ಷಿ. ಹಿಂದೆ ಅದು ಹೀತ್ ರೋ ಎಂಬ ಹೆಸರಿನ ಪುಟ್ಟ ಊರು. ಲಂಡನ್ ಮಹಾನಗರಕ್ಕೆ ತರಕಾರಿ, ಹಣ್ಣು ಒದಗಿಸುತ್ತಿದ್ದ ಫಲವತ್ತಾದ ತೋಟಗಳ ನಾಡು. 1944ರಲ್ಲಿ ವಾಯುಪಡೆಗೆ ನೆಲೆ ಬೇಕೆಂಬ ಕಾರಣ ಹೇಳಿ, ಯುದ್ಧಕಾಲದ ತುರ್ತು ಅಧಿಕಾರವನ್ನು ಬಳಸಿ, ಸಾರ್ವಜನಿಕ ವಿಚಾರಣೆಯೇ ಇಲ್ಲದೆ ಆ ಊರನ್ನು ವಶಪಡಿಸಿಕೊಂಡರು. ಮನೆ, ತೋಟ, ಕೊಟ್ಟಿಗೆ ಎಲ್ಲವೂ ನೆಲಸಮವಾದವು. 1946ರಲ್ಲಿ ಅಲ್ಲಿ ತೆರೆದದ್ದು ನಾಗರಿಕ ವಿಮಾನ ನಿಲ್ದಾಣ. ಅಂದು ವಾಯುಯಾನ ಖಾತೆಯ ಉಪಮಂತ್ರಿಯಾಗಿದ್ದ ಹೆರಾಲ್ಡ್ ಬಾಲ್ಫೋರ್, 1973ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ, ವಾಯುಪಡೆಯ ಅಗತ್ಯವೆಂಬುದು ನೆಪವಾಗಿತ್ತೆಂದೂ ಸಂಪುಟ ಸಮಿತಿಯನ್ನು ತಾವು ಬೇಕೆಂದೇ ದಾರಿ ತಪ್ಪಿಸಿದ್ದಾಗಿಯೂ ಒಪ್ಪಿಕೊಂಡರು. ಮೂರು ದಶಕಗಳ ಬಳಿಕ ಬಂದ ಈ ತಪ್ಪೊಪ್ಪಿಗೆಯಿಂದ ಒಂದು ಸೇಬಿನ ಮರವೂ ಮರಳಿ ಚಿಗುರಲಿಲ್ಲ. ಶರಾವತಿಯ ಮುಳುಗಡೆಯನ್ನು ಕಂಡ ಮಲೆನಾಡಿನ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸುಳ್ಳಿನಿಂದ ಹುಟ್ಟಿದ ಸಂಸ್ಥೆ ಅನಂತರ ಮಾತು ಕೊಡುವುದನ್ನೂ ಮುರಿಯುವುದನ್ನೂ ಒಂದು ಪದ್ಧತಿಯನ್ನಾಗಿಯೇ ಮಾಡಿಕೊಂಡಿತು. ಐದನೆಯ ಟರ್ಮಿನಲ್ ಕಟ್ಟುವ ಕಾಲಕ್ಕೆ, 1999ರಲ್ಲಿ, ಮತ್ತೊಂದು ರನ್‌ವೇ ತಮಗೆ ಬೇಡವೆಂದು ನಿಲ್ದಾಣದ ಅಂದಿನ ಒಡೆತನದ ಕಂಪನಿ ನೆರೆಹೊರೆಯವರಿಗೆ ಪತ್ರ ಬರೆಯಿತು. 2001ರಲ್ಲಿ ಟರ್ಮಿನಲ್‌ಗೆ ಅನುಮತಿ ದೊರೆಯಿತು. 2003ರಲ್ಲಿಯೇ ಸರ್ಕಾರದ ಶ್ವೇತಪತ್ರ ಮೂರನೆಯ ರನ್‌ವೇಯನ್ನು ಬೆಂಬಲಿಸಿತು! 2009ರಲ್ಲಿ ಲೇಬರ್ ಸರ್ಕಾರ ಒಪ್ಪಿಗೆಯಿತ್ತಿತು. ಯಾವ ಕಾರಣಕ್ಕೂ ಆ ರನ್‌ವೇ ಆಗದು ಎಂದು ಸಾರಿದ ಡೇವಿಡ್ ಕ್ಯಾಮರಾನ್ 2010ರಲ್ಲಿ ಅಧಿಕಾರಕ್ಕೆ ಬಂದು ಅದನ್ನು ರದ್ದು ಮಾಡಿದರು. ಎರಡೇ ವರ್ಷಕ್ಕೆ ಅದೇ ಪ್ರಶ್ನೆಗೆ ಆಯೋಗವೊಂದನ್ನು ನೇಮಿಸಿದರು. ಆ ಆಯೋಗ 2015ರಲ್ಲಿ ನಿಲ್ದಾಣದ ವಾಯವ್ಯಕ್ಕೆ, ಅಂದರೆ ಹಾರ್ಮಂಡ್ಸ್‌ವರ್ತಿನ ಮೇಲೆಯೇ, ರನ್‌ವೇ ಹಾಸುವಂತೆ ಶಿಫಾರಸು ಮಾಡಿತು. ಬುಲ್ಡೋಜರಿಗೆ ಅಡ್ಡ ಮಲಗುವೆನೆಂದು ಶಪಥ ಮಾಡಿದ್ದ ಬೋರಿಸ್ ಜಾನ್ಸನ್, 2018ರ ಜೂನ್ 25ರಂದು ಸಂಸತ್ತು 415–119 ಮತಗಳಿಂದ ಯೋಜನೆಯನ್ನು ಅಂಗೀಕರಿಸಿದಾಗ ಅಫ್ಘಾನಿಸ್ತಾನದ ಪ್ರವಾಸದಲ್ಲಿದ್ದರು. ಮಲಗುವುದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ?

ಇತ್ತ ಕಣಜದ ಗತಿ ಏನಾಯಿತು? 1970ರ ದಶಕದವರೆಗೂ ಅದು ಬೇಸಾಯದ ಬಳಕೆಯಲ್ಲಿತ್ತು. ಬಳಕೆ ನಿಂತ ಮೇಲೆ ಕಟ್ಟಡೋದ್ಯಮಿಗಳ ಕೈಗೆ ಹೋಗಿ, ಅವರು ದಿವಾಳಿಯಾಗಿ, 2006ರಲ್ಲಿ ಜಿಬ್ರಾಲ್ಟರಿನಲ್ಲಿ ನೋಂದಾಯಿತವಾದ ಕಂಪನಿಯೊಂದಕ್ಕೆ ಒಂದು ಪೌಂಡಿಗೆ ಮಾರಾಟವಾಯಿತು. ರನ್‌ವೇ ಬಂದರೆ ಸಿಗಬಹುದಾದ ಪರಿಹಾರದ ಮೇಲೆ ಅವರ ಕಣ್ಣಿತ್ತೆಂಬುದು ಅಂದು ಬಹಿರಂಗವಾಗಿಯೇ ಕೇಳಿಬಂದ ಆರೋಪ. ಆರೋಪ ಹೇಗೇ ಇರಲಿ, ಹೆಂಚು ಜಾರಿದವು, ಮಳೆ ಒಳಗಿಳಿಯಿತು. 2009ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ತಾನೇ ಮುಂದಾಗಿ ತುರ್ತು ದುರಸ್ತಿ ಮಾಡಬೇಕಾಯಿತು. ಕೊನೆಗೆ ಆ ಸಂಸ್ಥೆ 20,000 ಪೌಂಡು ತೆತ್ತು ಕಟ್ಟಡವನ್ನು ಕೊಂಡು, 2012ರ ಆರಂಭದಲ್ಲಿ ಆ ಸುದ್ದಿಯನ್ನು ಪ್ರಕಟಿಸಿತು. ಹಳೆಯ ಕೈಕಸುಬಿನ ಕ್ರಮದಲ್ಲಿ ದುರಸ್ತಿಯಾಗಿ 2015ರಲ್ಲಿ ಬಾಗಿಲು ಮತ್ತೆ ತೆರೆಯಿತು. ಒಂದನೆಯ ದರ್ಜೆಯ ರಕ್ಷಿತ ಸ್ಮಾರಕವನ್ನು ಒಂದು ಪೌಂಡಿಗೆ ಕೊಂಡು ಮಳೆಗೆ ಬಿಟ್ಟವರಿಗೆ ಇಪ್ಪತ್ತು ಸಾವಿರ ಪೌಂಡು! ಪರಂಪರೆಯ ರಕ್ಷಣೆಯೆಂಬುದು ಮಾರುಕಟ್ಟೆಯ ಅಂಗಳದಲ್ಲಿ ಎಷ್ಟು ದುರ್ಬಲವಾದ ಪದವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಈಗ ನಿಲ್ದಾಣದವರ ಹೊಸ ಔದಾರ್ಯವನ್ನು ಗಮನಿಸಬೇಕು. ವಾಯವ್ಯದ ರನ್‌ವೇಯ ನಕ್ಷೆಯಲ್ಲಿ ಕಣಜವನ್ನೂ ಅದರ ಪಕ್ಕದ ಸೇಂಟ್ ಮೇರಿ ಚರ್ಚನ್ನೂ ಕೆಡವುವುದಿಲ್ಲ. ಗಡಿರೇಖೆಯನ್ನು ಎಚ್ಚರಿಕೆಯಿಂದ ಬಳಸಿ ಅವುಗಳನ್ನು ಬೇಲಿಯ ಹೊರಕ್ಕೆ ಬಿಟ್ಟಿದ್ದಾರೆ. ಬೇಲಿಯೊಳಕ್ಕೆ ಸೇರುವುದು ಊರು. ನೆರೆಯ ಲಾಂಗ್‌ಫರ್ಡ್ ಗ್ರಾಮ ಪೂರ್ತಿಯಾಗಿ, ಹಾರ್ಮಂಡ್ಸ್‌ವರ್ತಿನ ದೊಡ್ಡ ಭಾಗ, ಒಟ್ಟು ಸುಮಾರು 750 ಮನೆಗಳು ಇಲ್ಲವಾಗುತ್ತವೆ. ವಿಪರ್ಯಾಸವೆಂದರೆ ಬ್ರಿಟಿಷ್ ಏರ್‌ವೇಸ್ ಕಂಪನಿಯು 1998ರಲ್ಲಿ ತೆರೆದ ತನ್ನ ಪ್ರಧಾನ ಕಚೇರಿಯೂ ಆ ದಾರಿಯಲ್ಲಿಯೇ ಇದೆ. ಕಂಪನಿ ಬೇರೆಡೆ ಇನ್ನೊಂದು ಕಚೇರಿ ಕಟ್ಟಿಸಿಕೊಂಡೀತು. ಮೂರು ತಲೆಮಾರು ಒಂದೇ ಬೀದಿಯಲ್ಲಿ ಬಾಳಿದ ಕುಟುಂಬ ಆ ಬೀದಿಯನ್ನು ಎಲ್ಲಿ ಕಟ್ಟಿಸಿಕೊಳ್ಳಬೇಕು?

ಇದು ಉಳಿಸುವಿಕೆಯಲ್ಲ, ಉಳಿಸಿದೆವೆಂಬ ಸಾಕ್ಷ್ಯ ಸೃಷ್ಟಿ. ಕಣಜವೊಂದು ಅರ್ಥ ಪಡೆಯುವುದು ಅದರ ಸುತ್ತಣ ಹೊಲದಿಂದ, ಅದರ ಗಂಟೆಗೆ ಕಿವಿಗೊಡುವ ಚರ್ಚಿನಂಗಳದಿಂದ, ಆ ಅಂಗಳದಲ್ಲಿ ಹೂತ ಹಿರಿಯರಿಂದ. ಹೊಲ ಈಗಾಗಲೇ ಹೋಗಿದೆ; ಇನ್ನು ಮನೆಗಳೂ ಹೋದರೆ ಉಳಿಯುವುದು ಕಾಂಕ್ರೀಟಿನ ಅಂಚಿನಲ್ಲಿ ನಿಲ್ಲಿಸಿದ ಒಂದು ಓಕ್ ಮರದ ಪೆಟ್ಟಿಗೆ. ಪರಿಸರ ಪರಿಣಾಮದ ವರದಿಗಳಲ್ಲಿ ಇದಕ್ಕೆ ‘ದುಷ್ಪರಿಣಾಮ ತಗ್ಗಿಸುವ ಕ್ರಮ’ ಎಂದು ಹೆಸರು. ಕಾಡು ಕಡಿದು ನೆಡುತೋಪು ಬೆಳೆಸುವವರ, ಊರು ಮುಳುಗಿಸಿ ದೇವರ ವಿಗ್ರಹವನ್ನು ಮಾತ್ರ ದಡಕ್ಕೆ ಸಾಗಿಸುವವರ ಪರಿಭಾಷೆಯೂ ಇದೇ. ಸ್ಮಾರಕವೆಂದು ಗುರುತಿಸಿಕೊಂಡದ್ದಕ್ಕೆ ಕಾನೂನಿನ ಕವಚ. ಜೀವಂತವಾಗಿ ಬಳಕೆಯಲ್ಲಿರುವುದಕ್ಕೆ ಪರಿಹಾರದ ಚೆಕ್ಕು. ಈ ವಿಂಗಡಣೆಯನ್ನು ಒಪ್ಪಿಕೊಂಡ ಪರಂಪರೆ ಪ್ರೇಮಿಗಳು, ತಮಗೆ ಅರಿವಿಲ್ಲದೆಯೇ, ನೆಲಸಮ ಮಾಡುವವರ ಕೈಗೆ ಒಳ್ಳೆಯ ಹೆಸರನ್ನು ಕೊಡುತ್ತಿದ್ದಾರೆ.

ಕಣಜ, ಊರು ಎರಡಕ್ಕಿಂತಲೂ ದೊಡ್ಡ ಲೆಕ್ಕವೊಂದಿದೆ. ಹೀಥ್ರೂ 2024ರಲ್ಲಿ ಸುಮಾರು 8.4 ಕೋಟಿ ಪ್ರಯಾಣಿಕರನ್ನು ಕಂಡಿತು. ವರ್ಷಕ್ಕೆ 4,80,000 ಹಾರಾಟಗಳೆಂಬ ಈಗಿನ ಮಿತಿಯನ್ನು 7,56,000ಕ್ಕೆ, ಪ್ರಯಾಣಿಕರನ್ನು 15 ಕೋಟಿಗೆ ಏರಿಸುವುದು 2025ರಲ್ಲಿ ಸಲ್ಲಿಸಿದ ಯೋಜನೆಯ ಗುರಿ. ಇದೇ ದೇಶ 2050ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದಾಗಿ 2019ರಲ್ಲಿ ಶಾಸನ ಮಾಡಿಕೊಂಡಿದೆ. 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು, ಪ್ಯಾರಿಸ್ ಒಪ್ಪಂದವನ್ನು ಪರಿಗಣಿಸದೆ ರೂಪಿಸಿದ ರನ್‌ವೇ ನೀತಿ ಕಾನೂನುಬಾಹಿರವೆಂದು ತೀರ್ಪಿತ್ತಿತು. ಜಗತ್ತಿನ ಪರಿಸರ ಚಳವಳಿಗಳು ಸಂಭ್ರಮಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2025ರ ಜನವರಿಯಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಬೆಳವಣಿಗೆಯ ಹೆಸರಿನಲ್ಲಿ ರನ್‌ವೇಗೆ ಬೆಂಬಲ ಸಾರಿದರು. ನವೆಂಬರಿನಲ್ಲಿ ಸರ್ಕಾರ, 3,500 ಮೀಟರ್ ಉದ್ದದ ರನ್‌ವೇಗಾಗಿ ಎಂ-25 ಹೆದ್ದಾರಿಯನ್ನೇ ಪಕ್ಕಕ್ಕೆ ಸರಿಸುವ ಯೋಜನೆಯನ್ನು ಮುಂದಿನ ಪರಿಶೀಲನೆಯ ಆಧಾರವಾಗಿ ಆರಿಸಿತು. ಮಾರ್ಗ ಸರಿಸಬಹುದು, ನದಿ ಸರಿಸಬಹುದು, ಊರು ಸರಿಸಬಹುದು. ವಿಮಾನ ಹತ್ತುವ ಹಂಬಲವನ್ನು ಮಾತ್ರ ಒಂದಿಂಚೂ ಸರಿಸಲಾಗದು ಎಂಬುದು ಈ ಅಭಿವೃದ್ಧಿಯ ಸಿದ್ಧಾಂತ.

ಆ ಊರುಗಳ ಜನ ಕೈಕಟ್ಟಿ ಕೂತಿಲ್ಲ. ಪಕ್ಕದ ಸಿಪ್ಸನ್ ಗ್ರಾಮದಲ್ಲಿ 2009ರಲ್ಲಿ ಗ್ರೀನ್‌ಪೀಸ್ ಮತ್ತು ಅದರ ಗೆಳೆಯರು, ಭೂಸ್ವಾಧೀನಕ್ಕೆ ತೊಡಕಾಗಲೆಂದು, ಹೊಲವೊಂದನ್ನು ಕೊಂಡು ಸಾವಿರಾರು ಜನರನ್ನು ಅದರ ಹಕ್ಕಿನಲ್ಲಿ ಪಾಲುಗೊಳಿಸಿದರು. 2010ರಲ್ಲಿ ಯುವಕರ ಗುಂಪೊಂದು ಪಾಳುಬಿದ್ದ ಸಸ್ಯಪಾಲನಾ ಕೇಂದ್ರವೊಂದನ್ನು ಹೊಕ್ಕು, ಕಸ ತೆಗೆದು, ತರಕಾರಿ ಬೆಳೆದು, ‘ಗ್ರೋ ಹೀಥ್ರೂ’ ಎಂದು ಹೆಸರಿಟ್ಟು ಹನ್ನೊಂದು ವರ್ಷ ಅಲ್ಲಿ ನೆಲೆಸಿತು. 1944ರಲ್ಲಿ ಅಳಿಸಿಹೋದ ತೋಟಗಾರಿಕೆಯನ್ನು ಒಂದು ತುಂಡು ನೆಲದಲ್ಲಾದರೂ ಮರಳಿ ತಂದರು. 2021ರಲ್ಲಿ ಅವರನ್ನು ಹೊರಹಾಕಲಾಯಿತು. ಸೋಲಿನ ಪಟ್ಟಿಗೆ ಇದನ್ನು ಸೇರಿಸುವ ಮುನ್ನ ಒಂದು ಲೆಕ್ಕ ಹಾಕಬೇಕು: 2003ರ ಶ್ವೇತಪತ್ರ ಬಂದು ಎರಡು ದಶಕಗಳು ಮೀರಿದವು, ಸರ್ಕಾರಗಳು ಬಂದವು, ಹೋದವು, ರನ್‌ವೇಯ ಒಂದು ಗಜವನ್ನೂ ಹಾಸಲಾಗಿಲ್ಲ.

ಆದರೆ ಕಾಯುವುದೂ ಒಂದು ಬಗೆಯ ಹಿಂಸೆ. ಎಂದು ನೆಲಸಮವಾಗುವುದೋ ತಿಳಿಯದ ಮನೆಗೆ ಯಾರು ಸುಣ್ಣ ಬಳಿದಾರು? ಬುಲ್ಡೋಜರು ಬರುವ ಮೊದಲೇ ಊರನ್ನು ಒಳಗಿನಿಂದ ಕೊರೆಯುವ ಈ ಗೆದ್ದಲನ್ನು ಯಾವ ಪರಿಹಾರದ ಕೋಷ್ಟಕವೂ ಎಣಿಸುವುದಿಲ್ಲ. ಕಣಜವನ್ನು ನಿಜವಾಗಿ ಉಳಿಸಬಯಸುವ ಇಂಗ್ಲೆಂಡಿನ ಸಂರಕ್ಷಣಾ ಸಂಸ್ಥೆಗಳು ಬೇಲಿಯ ಹೊರಗುಳಿದ ತಮ್ಮ ಕಟ್ಟಡಕ್ಕೆ ಶಬ್ದನಿರೋಧಕ ಹಲಗೆ ಕೇಳುವುದನ್ನು ಬಿಟ್ಟು, ಬೇಲಿಯ ಒಳಗಾಗುವ 750 ಮನೆಗಳ ಪರವಾಗಿ ನಿಲ್ಲಬೇಕು. ತಿಂಗಳಿಗೆ ಎರಡು ಭಾನುವಾರ ಆ ದೊಡ್ಡ ಬಾಗಿಲುಗಳನ್ನು ತೆರೆದು, ಬಂದವರಿಗೆ ಬಡಗಿಗಳ ಗುರುತುಗಳನ್ನು ಬೆರಳಿಟ್ಟು ತೋರಿಸಲು ಮನುಷ್ಯರು ಬೇಕು. ಅವರಿಗೆ ನಡೆದು ಬರುವಷ್ಟು ದೂರದಲ್ಲಿ ಒಂದು ಮನೆ ಬೇಕು.